ಹದಿನಾಲ್ಕು, ಹದಿನೇಳರ ಇಲಿಗಳು

ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡು ಶಾಲೆ ಬಿಟ್ಟವನು ನಾನು. ಪೀಣ್ಯದಲ್ಲಿ ಮೂರು ಫ್ಯಾಕ್ಟರಿ ಬಿಟ್ಟಿದ್ದೂ ಸಿಟ್ಟಿನಿಂದಲೇ. ಆಮೇಲೆ ಸಿಕ್ಕಿದ್ದು ತುಮಕೂರು ರಸ್ತೆಯಾಚೆಯ ವಿಶ್ವವಿದ್ಯಾಲಯದ ಲ್ಯಾಬು. ಮುಪ್ಪು ಯಾಕೆ ಬರುತ್ತದೆ ಎಂದು ಅಲ್ಲಿ ಹುಡುಕುತ್ತಿದ್ದರು. ಇಲಿಗಳ ಗೂಡು ಬದಲಿಸುವುದು ನನ್ನ ಕೆಲಸ.

ಲ್ಯಾಬಿನ ಸಮನ್ವಿತಾ ಮೇಡಂ ಅರವತ್ತು ಇಲಿಗಳಲ್ಲಿ ಅರ್ಧಕ್ಕೆ ಎಳೆತನದಲ್ಲಿ ಬೇರೆಯವರ ಕೈಯಿಂದ ಒಂದು ಔಷಧಿ ತಿನ್ನಿಸಿದ್ದರು. ತಿಂದವು ಹೆಚ್ಚು ದಿನ ಬದುಕುತ್ತವೋ ಎಂದು ಎರಡೂವರೆ ವರ್ಷದಿಂದ ಕಾಯುತ್ತಿದ್ದರು. ಈಗ ಉಳಿದದ್ದು ಒಂಬತ್ತು, ಗೂಡಿಗೊಂದು.

ಇಲಿ ಹೊಸ ಗೂಡಿಗೆ ಹೋದರೆ ಅದರ ನಂಬರಿನ ಕಾರ್ಡೂ ಹಿಂದೆಯೇ ಹೋಗಬೇಕು. ಆ ಸೋಮವಾರ ದಾಸರಹಳ್ಳಿಯ ರೂಮಿನ ಓನರ್ ಜೊತೆ ನೀರಿಗಾಗಿ ಜಗಳವಾಡಿ ಬಂದಿದ್ದೆ. ಎರಡು ಕಾರ್ಡು ಹಳೆಯ ಗೂಡಿನಲ್ಲೇ ಉಳಿದು, ತೊಳೆಯುವ ಬಿಸಿನೀರಲ್ಲಿ ಮುದ್ದೆಯಾದವು. ಹದಿನಾಲ್ಕು ಮತ್ತು ಹದಿನೇಳು. ಉಳಿದ ಇಲಿಗಳ ಕಿವಿಯಲ್ಲಿ ಗುರುತಿನ ತೂತಿತ್ತು. ಇವೆರಡು ಪ್ರಾಯದಲ್ಲಿ ಒಂದೇ ಗೂಡಿನಲ್ಲಿದ್ದಾಗ ಕಚ್ಚಾಡಿ ಕಿವಿ ಹರಿದುಕೊಂಡಿದ್ದವು.

ಯಾರೂ ನೋಡಿರಲಿಲ್ಲ. ಹೊಸ ಕಾರ್ಡು ಬರೆದು ಸಿಕ್ಕಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿ ನನ್ನನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದವರು ಮೇಡಂ ಒಬ್ಬರೇ. ಹೋಗಿ ಹೇಳಿಬಿಟ್ಟೆ.

ಪಿಎಚ್‌ಡಿ ಮಾಡುತ್ತಿದ್ದ ವಾದಿರಾಜ ತಲೆಯ ಮೇಲೆ ಕೈ ಹೊತ್ತ. "ಎರಡೂವರೆ ವರ್ಷ ಕಣೋ!"

"ಯಾವ್ದು ಯಾವ್ದಂತ ನಂಗ ಗೊತ್ತೈತ್ರಿ. ಗ್ವಾಡಿ ಕಡೀದು ಹದಿನಾಲ್ಕು."

"ಮುಖ ನೋಡಿ ಹೇಳ್ತೀಯಾ? ಎಲ್ಲಾ ಕರೀ ಇಲಿ ಗುರು, ಒಂದೇ ಥರ!"

"ನಿಮಗ ಒಂದ ಥರ. ದಿನಾ ಅವುಗಳ ಹೇಲು ಬಳಿಯಾಂವ ನಾನು."

ಮೇಡಂ ನಗಲಿಲ್ಲ. "ಬರೀ ನಿಮ್ಮ ಮಾತು ನಂಬೋಕಾಗಲ್ಲ ಹನುಮೇಶ. ಪರೀಕ್ಷೆ ಮಾಡ್ತೀನಿ."

ನನಗೆ ರಕ್ತ ತಲೆಗೇರಿತು. "ನಾ ಏನು ಕಳ್ಳ ಏನ್ರಿ?"

"ನನ್ನನ್ನೂ ನಾನು ನಂಬಲ್ಲ. ಯಾವ ಇಲಿ ಔಷಧಿ ತಿಂದಿದೆ ಅಂತ ನಂಗೇ ಗೊತ್ತಿಲ್ಲ. ಆ ಪಟ್ಟಿ ಕವರಲ್ಲಿ ಅಂಟಿಸಿ ಬೇರೆಯವರ ಹತ್ರ ಇಟ್ಟಿದೀನಿ. ಗೊತ್ತಿದ್ರೆ ನನಗೆ ಬೇಕಾದ್ದೇ ಕಾಣುತ್ತೆ."

ಮರುದಿನ ನನ್ನನ್ನು ಆರಡಿ ದೂರ ಕೂರಿಸಿದರು. ಅಷ್ಟು ದೂರದಿಂದ ಕಿವಿಯ ತೂತು ಕಾಣದು. ಗುರುತು ಸರಿಯಿದ್ದ ಏಳು ಇಲಿಗಳನ್ನು ಒಂದೊಂದಾಗಿ ಮೇಜಿನ ಮೇಲಿನ ಖಾಲಿ ಗೂಡಿಗೆ ಬಿಟ್ಟರು.

"ಇಪ್ಪತ್ತೊಂದು. ಎಡಗಾಲು ಎಳೀತೈತಿ."

"ಮೂವತ್ತು. ಮೂಲಿಗೆ ಹೋಗಿ ಮೊದ್ಲು ಮುಖ ತೊಳ್ಕೊಂತೈತಿ."

ವಾದಿರಾಜ ಬರೆದುಕೊಳ್ಳುತ್ತಿದ್ದ. ಸರಿಯೋ ತಪ್ಪೋ ಹೇಳಲಿಲ್ಲ. ಐದನೆಯ ಇಲಿ ಬಂದಾಗ ನಾನು ಎದ್ದು ನಿಂತೆ.

"ಮೇಡಂ, ಇದು ಇಪ್ಪತ್ತೊಂದ! ಆಗ್ಲೇ ಬಂದು ಹೋತಲ್ರಿ! ನನ್ನ ಹುಚ್ಚ ಮಾಡಾಕ ಹತ್ತೀರೇನು?"

ಮೇಡಂ ಜೋರಾಗಿ ನಕ್ಕುಬಿಟ್ಟರು. "ಬೇಕಂತಲೇ ಎರಡು ಸಲ ಬಿಟ್ಟೆ. ಕೂತ್ಕೊಳ್ಳಿ, ಇನ್ನೂ ಮೂರಿವೆ."

ಕೊನೆಗೆ ವಾದಿರಾಜ ತಾನು ಬರೆದದ್ದನ್ನು ಇಲಿ ಬಿಟ್ಟ ಕ್ರಮದ ಜೊತೆ ತಾಳೆ ನೋಡಿದ. "ಎಂಟಕ್ಕೆಂಟೂ ಸರಿ ಮೇಡಂ," ಎಂದ, ಮೆಲ್ಲಗೆ.

ಮೇಡಂ ರಿಜಿಸ್ಟರ್ ತೆಗೆದು ಬರೆದು, ನನಗೆ ಓದಿ ಹೇಳಿದರು. ಕಾರ್ಡು ಕಳೆದವರು ಹನುಮೇಶ. ಪರೀಕ್ಷೆಯ ನಂತರ ಎರಡೂ ಇಲಿ ಗುರುತಿಸಿದವರು ಹನುಮೇಶ. "ಲೆಕ್ಕ ಎರಡು ಸಲ ಹಾಕ್ತೀನಿ. ಇವೆರಡನ್ನೂ ಸೇರಿಸಿ ಒಂದು, ಬಿಟ್ಟು ಒಂದು. ಓದೋರಿಗೆ ಎರಡೂ ತೋರಿಸ್ತೀನಿ. ಎರಡು ಸಾಲಿಗೂ ಸಹಿ ಹಾಕಿ."

ಹಾಕಿದೆ. ಅವರು ತಪ್ಪನ್ನು ಅಳಿಸಿ ಉಪಕಾರ ಮಾಡಲಿಲ್ಲ. ಅದೊಂದನ್ನೇ ಬರೆದು ನನ್ನನ್ನು ಮನೆಗೂ ಕಳಿಸಲಿಲ್ಲ. ನನ್ನ ಸಿಟ್ಟು ಎಲ್ಲೂ ಹೋಗಿಲ್ಲ. ಆದರೆ ಆ ಹೆಂಗಸಿನ ಋಣವನ್ನು ನಾನು ಸಾಯುವ ತನಕ ಮರೆಯುವವನಲ್ಲ.

ಮುಂದಿನ ಸೋಮವಾರ ಹದಿನಾಲ್ಕನ್ನು ಹೊಸ ಗೂಡಿಗೆ ಬಿಟ್ಟಾಗ ವಾದಿರಾಜ ಕರೆಯದೆಯೇ ಬಂದು ಪಕ್ಕದಲ್ಲಿ ನಿಂತ.

"ಕಾರ್ಡ್ ಬಂತಾ ಗುರು?"

"ಬಂತ್ರಿ," ಎಂದೆ. "ನೀವೂ ಒಮ್ಮೆ ನೋಡ್ರಿ."