ಚಿತ್ರವಿಲ್ಲದೆ ಬಂದ ದನಿ

ಮೂವತ್ತು ವರ್ಷಗಳಿಂದ ಮದುವೆ ವಿಡಿಯೊಗಳಲ್ಲಿ ನೆಂಟರ ಆಕಳಿಕೆ, ಮುನಿಸು, ಸೊಟ್ಟ ಮೂತಿಗಳನ್ನೆಲ್ಲ ಕತ್ತರಿಸಿ ತೆಗೆಯುತ್ತ ಬಂದ ಆ ಮನುಷ್ಯನನ್ನು ಬೀದಿಯವರೆಲ್ಲ ಕತ್ತರಿ ಮಾಮ ಎಂದೇ ಕರೆಯುತ್ತಿದ್ದರು. ಮುದ್ರಣದಂಗಡಿಯ ಮೇಲಿನ ಒಂದೇ ಕೋಣೆ ಅವರ ಸ್ಟುಡಿಯೊ. ಅಲ್ಲಿನ ಕಂಪ್ಯೂಟರಿನ ಫ್ಯಾನು ಗೂರಲು ರೋಗಿಯಂತೆ ಏದುಸಿರು ಬಿಡುತ್ತಿತ್ತು. ಎಡಿಟಿಂಗ್ ಸಾಫ್ಟ್‌ವೇರಿಗೆ ಹದಿಮೂರು ವರ್ಷ. ಹೊಸದು ಹಾಕಿಸಿ ಎಂದವರಿಗೆಲ್ಲ ಮಾಮ, "ಕೈಗೆ ಒಗ್ಗಿದೆ, ಬಿಡ್ರಪ್ಪ" ಎನ್ನುತ್ತಿದ್ದರು.

ಮೂರು ತಿಂಗಳಿಂದ ಅವರು ಸೊಸೆಗಾಗಿ ಪುಕ್ಕಟೆ ಕೆಲಸ ಮಾಡುತ್ತಿದ್ದರು. ಸೊಸೆ ಎಂದರೆ ತಂಗಿಯ ಮಗಳು; ತಂಗಿ ತೀರಿಕೊಂಡ ಮೇಲೆ ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವಳು. ಅವಳೂ ಗಂಡನೂ ವಾರಕ್ಕೊಂದು ಅಡುಗೆ ವಿಡಿಯೊ ಮಾಡುತ್ತಿದ್ದರು. ಕಾಲೆಳೆದುಕೊಳ್ಳುತ್ತ, ಒಬ್ಬರಿಗೊಬ್ಬರು ತುತ್ತಿಡುತ್ತ ಅಡುಗೆ ಮಾಡಿ, ಕೊನೆಗೆ ಅಷ್ಟನ್ನೂ ಹಿಂದಿನ ಬೀದಿಯ ಮಕ್ಕಳ ಹಾಸ್ಟೆಲಿಗೆ ಕೊಟ್ಟು ಕೈಮುಗಿಯುತ್ತಿದ್ದರು. ನೋಡಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮೆಮೊರಿ ಕಾರ್ಡಿನ ಜೊತೆ ಪ್ರತಿವಾರ ಮಾಮನಿಗೂ ಒಂದು ಡಬ್ಬಿ ಬರುತ್ತಿತ್ತು. ಎರಡು ವರ್ಷದ ಹಿಂದೆ ಬಂದ ಜ್ವರ ಅವರ ಮೂಗಿನ ಶಕ್ತಿಯನ್ನೂ ನಾಲಗೆಯ ಮುಕ್ಕಾಲು ರುಚಿಯನ್ನೂ ಕಿತ್ತುಕೊಂಡು ಹೋಗಿತ್ತು. ಬಿಸಿಯಾಗಿದ್ದರೆ ಸಾಕು, ಏನಾದರೂ ಒಳಗಿಳಿಯುತ್ತಿತ್ತು.

ಆ ಗುರುವಾರ ಬಂದದ್ದು ಹೊಸ ಕ್ಯಾಮೆರಾದ ಕಾರ್ಡು. ಫೈಲುಗಳನ್ನು ಎಳೆದು ಹಾಕಿದರೆ ಪರದೆಯೆಲ್ಲ ಕಪ್ಪು. ಕೆಳಗೆ ಧ್ವನಿಯ ಗೆರೆ ಮಾತ್ರ ಏಳುತ್ತ ಬೀಳುತ್ತ ಓಡುತ್ತಿತ್ತು. ಮಾಮ ಅಳಿಯನಿಗೆ ಫೋನ್ ಹಚ್ಚಿದರು.

"ಚಿತ್ರ ಬರ್ತಾನೇ ಇಲ್ಲಪ್ಪ. ಬರೀ ಮಾತು ಬರ್ತಿದೆ."

"ಕ್ಯಾಮೆರಾ ಹೊಸದು ಮಾಮ. ನಿಮ್ಮ ಸಾಫ್ಟ್‌ವೇರಿಗೆ ನಿಮ್ಮಷ್ಟೇ ವಯಸ್ಸು," ಅಳಿಯ ನಕ್ಕ. "ಈ ಸಲ ಮಧ್ಯೆ ಎಲ್ಲೂ ನಿಲ್ಲಿಸದೆ ಓಡಿಸಿದೀನಿ. ನೋಡೋಕೆ ನನಗೆ ಪುರುಸೊತ್ತಿಲ್ಲ. ಬೇಡದ್ದನ್ನ ಕತ್ತರಿಸಿ, ಸಂಜೆಗೆ ಕೊಟ್ಬಿಡಿ."

ಒಂದೊಂದೇ ಫೈಲನ್ನು ಹಳೆಯ ಮಾದರಿಗೆ ಬದಲಿಸಲು ಹಚ್ಚಿದರೆ, ನಾಲ್ಕು ಗಂಟೆ ಬೇಕೆಂದು ಕಂಪ್ಯೂಟರು ತೋರಿಸಿತು. ಸುಮ್ಮನೆ ಕೂರುವ ಜಾಯಮಾನ ಮಾಮನದಲ್ಲ. ಎಲ್ಲೆಲ್ಲಿ ಕತ್ತರಿಸಬೇಕೆಂದು ಧ್ವನಿ ಕೇಳಿಯೇ ಗುರುತು ಹಾಕಿಕೊಳ್ಳೋಣವೆಂದು ಹೆಡ್‌ಫೋನ್ ಏರಿಸಿ, ಕಾಗದ ಪೆನ್ನು ಪಕ್ಕದಲ್ಲಿಟ್ಟುಕೊಂಡರು. ಊಟದ ಹೊತ್ತೂ ಆಗಿತ್ತು. ಡಬ್ಬಿ ತೆರೆದು, ಬೆಚ್ಚಗಿದ್ದ ಸೂಪಿಗೆ ಚಮಚ ಇಳಿಸಿದರು.

ಕಪ್ಪು ಪರದೆಯ ಒಳಗಿಂದ ಸೊಸೆಯ ಜೇನಿನಂಥ ಮಾತು ಬಂತು, ಅಳಿಯನ ನಗೆ ಬಂತು. ಆಮೇಲೆ ಪಾತ್ರೆಗೆ ಚಮಚ ತಾಗಿದ ಸದ್ದು. ಅದರ ಹಿಂದೆಯೇ, "ಥೂ!"

"ಹಳಸಿ ನಾರ್ತಿದೆ ಕಣೇ. ಯಾವತ್ತಿಂದು?"

"ಸೋಮವಾರದ್ದು. ಮೂರು ದಿನ ಶೂಟಿಂಗ್ ದೀಪದ ಕೆಳಗೆ ಇಟ್ರೆ ಇನ್ನೇನಾಗುತ್ತೆ?"

"ನೊರೆ ಮಾತ್ರ ಸಖತ್ತಾಗಿ ನಿಂತಿದೆ."

"ನಿಲ್ಲದೆ ಏನು! ಪಾತ್ರೆ ತೊಳೆಯೋ ಸೋಪು ಹಾಕಿದೀನಿ. ಅಯ್ಯೋ, ನೀವು ಉಗಿದಿದ್ದು ಎಲ್ಲಿಗೆ?"

"ಪಾತ್ರೆಗೇ. ಕುದಿಸಿ ಕಳಿಸು, ಹಾಸ್ಟೆಲ್ ಮಕ್ಕಳು ಏನು ಕೊಟ್ರೂ ತಿಂತವೆ. ಮಾಮನಿಗೆ ಬೇರೆ ಏನಾದ್ರೂ ಹಾಕ್ತೀಯಾ?"

"ಇದನ್ನೇ ಹಾಕ್ತೀನಿ ಬಿಡಿ. ಅವರ ಮೂಗು ಸತ್ತು ಎಷ್ಟು ಕಾಲ ಆಯ್ತು!"

ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮಾಮನ ಬಾಯಲ್ಲಿದ್ದ ಗುಟುಕು ಅಲ್ಲೇ ನಿಂತಿತು. ಡಬ್ಬಿ ಅರ್ಧ ಖಾಲಿಯಾಗಿತ್ತು. ಓಡಿಹೋಗಿ ಮೂಲೆಯ ಸಿಂಕಿಗೆ ಬಗ್ಗಿದರು. ಹೊಟ್ಟೆಯಲ್ಲಿದ್ದದ್ದೆಲ್ಲ ಬಂದಮೇಲೂ ಓಕರಿಕೆ ನಿಲ್ಲಲಿಲ್ಲ. ಮೂರು ತಿಂಗಳ ಡಬ್ಬಿಗಳೆಲ್ಲ ಗಂಟಲಲ್ಲಿ ಸಾಲುಗಟ್ಟಿ ನಿಂತಂತಾಯಿತು. ಬಾಯಿ ಮುಕ್ಕಳಿಸುತ್ತಿದ್ದಾಗ ಹಾಸ್ಟೆಲಿನ ನೆನಪಾಗಿ, ಚಪ್ಪಲಿ ಮೆಟ್ಟಿದವರೇ ಮೆಟ್ಟಿಲಿಳಿದರು.

ಹಾಸ್ಟೆಲಿನ ವಾರ್ಡನಮ್ಮ ಅಂಗಳದಲ್ಲಿ ಹಾಸಿಗೆ ಒಣಹಾಕುತ್ತಿದ್ದರು. ಮಾಮ ಏದುಸಿರಲ್ಲೇ ಎಲ್ಲ ಹೇಳಿದರು. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ.

"ಗೊತ್ತು ಸಾರ್. ಮೊದಲನೇ ವಾರವೇ ಆರು ಮಕ್ಕಳು ವಾಂತಿ ಮಾಡ್ಕೊಂಡ್ರು. ಆವತ್ತಿಂದ ಎಲ್ಲಾ ಚರಂಡಿಗೇ ಸುರೀತಿದೀನಿ."

"ಮತ್ತೆ ವಿಡಿಯೊದಲ್ಲಿ ಮಕ್ಕಳು ಕುಡೀತಾರಲ್ಲಮ್ಮ?"

"ಕುಡಿದ ಹಾಗೆ ಮಾಡಿ ಅಂತ ನಾನೇ ಹೇಳ್ಕೊಟ್ಟಿದೀನಿ. ದಾನ ಕೊಡೋರನ್ನ ಬೇಡ ಅನ್ಬಾರ್ದು ಅಂತ ಮೇಲಿನವರ ತಾಕೀತು." ಆಕೆ ದಿಂಬನ್ನು ಗೋಡೆಗೆ ಬಡಿದರು. "ನೀವು ತಿಂದ್ರಾ, ಸಾರ್?"

ಆ ಮಕ್ಕಳು ಬಟ್ಟಲಿಗೆ ತುಟಿ ತಾಗಿಸುವ ದೃಶ್ಯಕ್ಕೆ ಕೊಳಲಿನ ಸಂಗೀತ ಹಾಕಿದವರು ಮಾಮನೇ. ಒಂದು ಮಗು ಮುಖ ಸಿಂಡರಿಸಿದ್ದು ನೆನಪಿತ್ತು. ಅಭ್ಯಾಸಬಲದಿಂದ ಅದನ್ನೂ ಕತ್ತರಿಸಿ ಹಾಕಿದ್ದರು. ಈಗ ತಮ್ಮ ಕೈಯನ್ನು ನೋಡಿಯೇ ಅವರಿಗೆ ಹೇಸಿಗೆಯಾಯಿತು.

ಸ್ಟುಡಿಯೊಗೆ ಹೋಗಿ ಕಾರ್ಡು ಕಿತ್ತುಕೊಂಡು ಸೊಸೆಯ ಮನೆಗೆ ಹೋದರು. ವಿಡಿಯೊದಲ್ಲಿ ಕಾಣುವ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕ್ಯಾಮೆರಾದ ಹಿಂದೆ ಪಾಚಿಗಟ್ಟಿದ ಸಿಂಕು, ಅದರೊಳಗೆ ಜಿಡ್ಡು ಪಾತ್ರೆಗಳು, ಮೇಲೆ ನೊಣಗಳ ಮೋಡ.

"ಎಲ್ಲಾ ಕೇಳಿಸ್ತಮ್ಮ," ಎಂದರು.

ಸೊಸೆಯ ಮುಖ ಒಂದು ಕ್ಷಣ ಬಿಳಿಚಿತು. ಮರುಕ್ಷಣವೇ ಅವಳು ಚಿಕ್ಕಂದಿನಂತೆ ಅವರ ತೋಳು ಹಿಡಿದಳು. "ತಮಾಷೆಗೆ ಅಂದಿದ್ದು ಮಾಮ. ಆ ತುಂಡು ಕತ್ತರಿಸಿಬಿಡಿ, ಅಷ್ಟೇ ತಾನೆ?"

ಆ ಕೈ ಬೆವರಿತ್ತು. ಮಾಮ ತೋಳು ಬಿಡಿಸಿಕೊಂಡರು.

"ನನ್ನ ಕೈಲಿ ಆಗಲ್ಲ," ಎಂದಷ್ಟೇ ಹೇಳಿ ಕಾರ್ಡನ್ನು ಒಲೆಕಟ್ಟೆಯ ಮೇಲಿಡಲು ಹೋದರು. ಅಲ್ಲಿನ ಜಿಡ್ಡು ಕಂಡು, ಕುರ್ಚಿಯ ಮೇಲಿಟ್ಟು ಹೊರಬಂದರು.

ಮುಂದಿನ ವಾರದ ವಿಡಿಯೊ ಬೇರೆ ಯಾರದೋ ಕೈಯಲ್ಲಿ ಸಿದ್ಧವಾಗಿ, ಎಂದಿನಂತೆಯೇ ಬಂತು. ಸೊಸೆ ನಾಲ್ಕು ಸಲ ಫೋನ್ ಮಾಡಿದಳು; ಮಾಮ ಎತ್ತಲಿಲ್ಲ. ಮನೆಯಲ್ಲಿ ಹೆಂಡತಿ ಬಡಿಸಿದ ಅನ್ನವೂ ಅವರಿಗೆ ಸೇರಲಿಲ್ಲ. ತಟ್ಟೆಯನ್ನು ದಿಟ್ಟಿಸುತ್ತ ಕೂರುತ್ತಿದ್ದರು. ಆಕೆ ಬೈಯಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಎರಡು ಮೊಟ್ಟೆ ಬೇಯಿಸಿ, ಸಿಪ್ಪೆ ಸಮೇತ ಅವರ ಮುಂದಿಟ್ಟಳು.

"ನಾನು ಮುಟ್ಟಿಲ್ಲ. ನೀವೇ ಬಿಡಿಸ್ಕೊಂಡು ತಿನ್ನಿ."

ಮಾಮ ಕೈ ತೊಳೆದು ಬಂದರು. ಕೂರುವ ಮುಂಚೆ ಮತ್ತೊಮ್ಮೆ ಹೋಗಿ ತೊಳೆದರು.