ಚೂಡಾಮಣಿಯವರ ಕಾರಿಗೆ ಮೈಸೂರು ನಂಬರ್

ಭಾನುವಾರ, 2025ರ ಫೆಬ್ರುವರಿ 16, ಬೆಳಿಗ್ಗೆ ಏಳು ಇಪ್ಪತ್ತು. ಮೈಸೂರಿನ ಸಿದ್ಧಾರ್ಥನಗರದ ಒಂದು ಬಾಡಿಗೆ ಮನೆಯ ಗೇಟಿನೊಳಗೆ 1972ರ ಫಿಯೆಟ್ ಕಾರೊಂದು ಸ್ಟಾರ್ಟ್ ಆಯಿತು. ಎಲ್ಲಿಗೂ ಹೋಗಲಿಲ್ಲ.

ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ. ಎಡಗಡೆಯ ಸೀಟಿನಲ್ಲಿ ಗೋವಿಂದರಾಜು ಕೂತಿದ್ದರು. ವಯಸ್ಸು ಅರವತ್ತೆರಡು. ಅಲ್ಲಿಂದಲೇ ಕೈ ಚಾಚಿ ಕೀಲಿ ತಿರುಗಿಸಿದ್ದರು. ಬ್ಯಾಟರಿ ಸಾಯಬಾರದೆಂದು ಪ್ರತಿ ಭಾನುವಾರ ಹತ್ತು ನಿಮಿಷ ಹೀಗೆ ಕೂರುವುದು ಅವರ ರೂಢಿ.

ಕಾರು ಅವರ ಹೆಂಡತಿ ಚೂಡಾಮಣಿಯವರದು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮೂವತ್ತಮೂರು ವರ್ಷ ನಾಗಪುರದಲ್ಲಿ ಅದನ್ನು ಓಡಿಸಿದ್ದು ಅವರೇ. ಗೋವಿಂದರಾಜು ಕಾರು ಕಲಿಯಲಿಲ್ಲ, ಪಕ್ಕದಲ್ಲಿ ಕೂತರು. 2022ರ ಡಿಸೆಂಬರಿನಲ್ಲಿ ಚೂಡಾಮಣಿ ತೀರಿಕೊಂಡರು. ಮಕ್ಕಳಿಲ್ಲ. ಮುಂದಿನ ಜೂನ್‌ನಲ್ಲಿ ಗೋವಿಂದರಾಜು ಹುಟ್ಟಿದ ಊರು ಮೈಸೂರಿಗೆ ವಾಪಸಾದರು. ಕಾರು ಲಾರಿಯ ಮೇಲೆ ಬಂತು. ಗುರುತಿನವರು ಇಲ್ಲಿ ಯಾರೂ ಉಳಿದಿರಲಿಲ್ಲ. ಬೀದಿಯಲ್ಲಿ ಅವರಿಗೆ ಬಿದ್ದ ಹೆಸರು 'ನಾಗಪುರದ ಕಾರಿನವರು'.

ಇತ್ತೀಚೆಗೆ ಅವರು ಡ್ರೈವಿಂಗ್ ಕಲಿಯಲು ಸೇರಿದ್ದರು. ಕಲಿಸುವವರು ಸಂಘಮಿತ್ರ, ಅಶೋಕಪುರಂನಲ್ಲಿ ಹದಿನೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸು. ಅವತ್ತು ಕ್ಲಾಸಿಗೆ ಕರೆದೊಯ್ಯಲು ಸ್ಕೂಲಿನ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದರು. ಒಳಗೆ ನೋಡಿದರು.

"ಸರ್, ಡ್ರೈವರ್ ಎಲ್ಲಿ?"

"ಇಲ್ಲ," ಎಂದರು ಗೋವಿಂದರಾಜು. ಎಂಜಿನ್ ಆರಿಸಿ ಇಳಿದರು.

ಸಂಘಮಿತ್ರ ಕಾರನ್ನು ಒಂದು ಸುತ್ತು ಬಂದರು. ನಂಬರ್ ಪ್ಲೇಟ್ ನೋಡಿದರು. "ಇನ್ನೂ ಮಹಾರಾಷ್ಟ್ರದ್ದೇ ಇದೆಯಲ್ಲ. ಬಂದು ಎಷ್ಟು ದಿನ ಆಯ್ತು?"

"ಇಪ್ಪತ್ತು ತಿಂಗಳು. ಆದ್ರೆ ಓಡಿಸಿಲ್ಲ ಮೇಡಂ. ಗೇಟ್ ದಾಟಿಲ್ಲ."

"ಓಡಿಸೋದರ ಪ್ರಶ್ನೆ ಅಲ್ಲ ಸರ್, ಇಟ್ಕೊಂಡಿರೋದರ ಪ್ರಶ್ನೆ. ಬೇರೆ ರಾಜ್ಯದ ಗಾಡೀನ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಕೊಂಡ್ರೆ ಇಲ್ಲಿನ ನಂಬರ್‌ಗೆ ಅರ್ಜಿ ಹಾಕಲೇಬೇಕು. ಹೊಸ ಕಾರಾಗಲಿ, ಹಳೇದಾಗಲಿ."

ಎದುರು ಮನೆಯ ವಿಶ್ವನಾಥ್ ಹಾಲಿನ ಪ್ಯಾಕೆಟ್ ಹಿಡಿದು ಅಲ್ಲೇ ನಿಂತಿದ್ದರು. "ಸುಮ್ನೆ ಎದರಿಸ್ಬೇಡಿ ಕಣಮ್ಮ," ಅಂದರು. "ಐವತ್ತು ವರ್ಷ ದಾಟಿದ್ ಗಾಡಿಗೆ ಟ್ಯಾಕ್ಸೂ ಇಲ್ಲ, ಗೀಕ್ಸೂ ಇಲ್ಲ. ವಿಂಟೇಜು. ಪೊಲೀಸ್ರು ಇಡಿದ್ರೂ ಒಂದ್ ಸೆಲ್ಫಿ ತಗೊಂಡು ಬುಟ್ಬುಡ್ತಾರೆ."

"ನಿಮ್ಮನ್ನ ಹಿಡಿದಾಗ ಸೆಲ್ಫಿ ತಗೊಂಡ್ರಾ?"

"ನಂದು ಸ್ಕೂಟರ್ ಕಣಮ್ಮ. ಐನೂರು ತಗೊಂಡ್ರು."

"ರಸೀದಿ ಕೊಟ್ರಾ?"

"ಕೊಟ್ರು, ಕೊಟ್ರು."

"ಹಾಗಾದ್ರೆ ಸರಿ," ಎಂದು ಸಂಘಮಿತ್ರ ಗೋವಿಂದರಾಜು ಕಡೆ ತಿರುಗಿದರು. "ವಿಂಟೇಜ್ ಅಂತ ಒಂದು ನೋಂದಣಿ ಇದೆ, ನಿಜ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪ ಕೆಡಿಸಿರಬಾರದು. ಆದ್ರೆ ಅದು ತಾನಾಗೇ ಬರಲ್ಲ. ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ಸಿಕ್ಕ ಮೇಲೂ ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲಿಗೆ ಅಷ್ಟೇ ರಸ್ತೆಗಿಳಿಸಬಹುದು. ದಿನಬಳಕೆಗೆ ಇಲ್ಲ. ನಿಮಗೆ ಕಾರು ಯಾಕೆ ಬೇಕು?"

ಗೋವಿಂದರಾಜು ಕಾರಿನ ಬಾಗಿಲು ಮುಚ್ಚಿದರು. "ಭಾನುವಾರ ಒಂದು ಸುತ್ತು ಹೋಗೋಣ ಅಂತ. ನಾಗಪುರದಲ್ಲಿ ಹೋಗ್ತಿದ್ವಿ."

"ಹಾಗಾದ್ರೆ ಮಾಮೂಲಿ ನೋಂದಣಿಯೇ ಬೇಕು. ಆರ್‌ಸಿ ತನ್ನಿ, ನೋಡೋಣ."

ಆರ್‌ಸಿ ಪುಸ್ತಕ ದೇವರ ಗೂಡಿನಲ್ಲಿತ್ತು. ಆಯುಧಪೂಜೆಯ ದಿನ ಕಾರಿನ ಜೊತೆ ಕೀಲಿಗೂ ಆರ್‌ಸಿಗೂ ಅರಿಶಿನ ಕುಂಕುಮ ಇಡುವುದು ಚೂಡಾಮಣಿಯವರ ಪದ್ಧತಿ. ಮೈಸೂರಿಗೆ ಬಂದ ಮೇಲೂ ಗೋವಿಂದರಾಜು ಅದನ್ನು ಬಿಟ್ಟಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಹಬ್ಬಗಳ ಅರಿಶಿನ ಒಂದೇ ಪುಟದಲ್ಲಿ ಕೂತಿತ್ತು. ಮಾಲೀಕರ ಹೆಸರು ಸ್ಪಷ್ಟವಾಗಿತ್ತು. ಚಾಸಿ ಸಂಖ್ಯೆಯ ಕೊನೆಯ ಎರಡು ಅಂಕಿ ಕಾಣುತ್ತಿರಲಿಲ್ಲ.

"ವರ್ಷಾ ವರ್ಷಾ ತಪ್ಪದೆ ಆಗಿದೆ," ಎಂದರು ಗೋವಿಂದರಾಜು.

"ಪೂಜೆ ಆಗಿದೆ ಸರ್. ನೋಂದಣಿ ಆಗಿಲ್ಲ." ಸಂಘಮಿತ್ರ ಪುಟವನ್ನು ಬೆಳಕಿಗೆ ಹಿಡಿದರು. "ಅವಧಿ ಬರೋ ಆಗಸ್ಟ್ 19ಕ್ಕೆ ಮುಗಿಯುತ್ತೆ. ಇದು ಇನ್ನೂ ಅಮ್ಮಾವ್ರ ಹೆಸರಲ್ಲೇ ಇದೆಯಾ? ಮಾಲೀಕರು ತೀರಿಕೊಂಡ್ರೆ ಮೂವತ್ತು ದಿನದಲ್ಲಿ ಕಚೇರಿಗೆ ತಿಳಿಸಬೇಕು. ಮೂರು ತಿಂಗಳಲ್ಲಿ ಹೆಸರು ಬದಲಾಯಿಸೋಕೆ ಅರ್ಜಿ ಹಾಕಬೇಕು."

"ಗೊತ್ತು."

"ಗೊತ್ತಾ?"

"ಗೊತ್ತು ಮೇಡಂ. ನಾನು ಸರ್ಕಾರಿ ಕಚೇರೀಲಿ ರೆಕಾರ್ಡ್ ನೋಡ್ಕೊಂಡಿದ್ದವನು." ಅವರು ಪುಸ್ತಕ ವಾಪಸ್ ತೆಗೆದುಕೊಂಡರು. "ಬ್ಯಾಂಕಿನಲ್ಲಿ ಅವಳ ಹೆಸರು ತೆಗೆದ್ರು. ಪಡಿತರ ಚೀಟೀಲಿ ತೆಗೆದ್ರು. ಗ್ಯಾಸಿನವರು ತೆಗೆದ್ರು. ಇದೊಂದರಲ್ಲಿ ಇದೆ. ಇರಲಿ ಬಿಡಿ."

ವಿಶ್ವನಾಥ್ ಹಾಲು ಕಾಯಿಸಬೇಕೆಂದು ಮನೆಯೊಳಗೆ ಹೋದರು. ಸಂಘಮಿತ್ರ ಮೆಟ್ಟಿಲ ಮೇಲೆ ಕೂತರು.

"ಸರ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ನಿಮಗೆ ಲೈಸೆನ್ಸ್ ಬರುತ್ತೆ. ಒಂದಿನ ಮನಸ್ಸು ತಡೀದೆ ಗೇಟ್ ತೆಗೀತೀರಿ. ಯಾರಿಗೋ ತಾಕುತ್ತೆ. ವಿಮೆಯವರು ಮೊದಲು ಕೇಳೋದು ಮಾಲೀಕರು ಯಾರು ಅಂತ. ತೀರಿಕೊಂಡವರ ಹೆಸರಲ್ಲಿ ಪಾಲಿಸಿ ಇದ್ರೆ ತಕರಾರು ಎದ್ದೇ ಏಳುತ್ತೆ. ಗಾಡಿ ಠಾಣೆಗೆ ಹೋಗುತ್ತೆ. ನೋಟಿಸ್ ಬರುತ್ತೆ. ಯಾರ ಹೆಸರಿಗೆ ಬರುತ್ತೆ ಹೇಳಿ?"

ಗೋವಿಂದರಾಜು ಪುಸ್ತಕ ಮುಚ್ಚಿದರು.

"ಅಮ್ಮಾವ್ರ ಹೆಸರು ಉಳೀಬೇಕು ಅಂತೀರಿ. ಉಳಿಯೋದು ಆ ನೋಟಿಸಿನ ಮೇಲೆ."

ಅವತ್ತು ಡ್ರೈವಿಂಗ್ ಕ್ಲಾಸ್ ನಡೆಯಲಿಲ್ಲ. ಗೋವಿಂದರಾಜು ಒಳಗೆ ಹೋಗಿ ಕಾಗದ, ಪೆನ್ನು ತಂದರು.

"ಹೇಳಿ, ಬರ್ಕೋತೀನಿ."

ಸಂಘಮಿತ್ರ ಹೇಳಿದ್ದು ಇಷ್ಟು. ಮೊದಲ ಕೆಲಸ ನಾಗಪುರದಲ್ಲಿ. ಹಳೆಯ ಕೈಬರಹದ ಆರ್‌ಸಿಗಳ ವಿವರ ಎಷ್ಟೋ ಸಲ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಮೊದಲು ನೋಂದಣಿಯಾದ ಕಚೇರಿಯಲ್ಲೇ ಅದನ್ನು ಏರಿಸಬೇಕು. ಆಮೇಲೆ ಮರಣ ಪತ್ರ, ವಾರಸುದಾರರ ಪತ್ರದ ಜೊತೆ ಫಾರಂ 31 ಕೊಟ್ಟು ಹೆಸರು ಬದಲಾವಣೆ. ತೆರಿಗೆ, ದಂಡ ಬಾಕಿ ಇಲ್ಲವೆಂದು ಖಚಿತವಾದ ಮೇಲೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ. ಅದು ಕೈಗೆ ಬಂದರೆ ಇಲ್ಲಿನ ಆರ್‌ಟಿಒದಲ್ಲಿ ಫಾರಂ 27. ಗಾಡಿಯ ತಪಾಸಣೆ. ಕರ್ನಾಟಕದ ತೆರಿಗೆ. ಅವಧಿ ಮುಗಿಯುವುದಿದ್ದರೆ ನವೀಕರಣ.

"ತೆರಿಗೆ ಎಷ್ಟಾಗುತ್ತೆ?"

"ಗಾಡಿಯ ವಯಸ್ಸು, ಬೆಲೆ ನೋಡಿ ಕಚೇರಿಯವರು ಹೇಳ್ತಾರೆ. ನಾನು ಬಾಯಿಗೆ ಬಂದ ಅಂಕಿ ಹೇಳಲ್ಲ. ತೆರಿಗೆ ರಾಜ್ಯದ ವಿಷಯ, ಅದರ ಗಡುವೇ ಬೇರೆ. ಹನ್ನೆರಡು ತಿಂಗಳು ಇದೆ ಅಂತ ಅದಕ್ಕೂ ಕಾಯೋ ಹಾಗಿಲ್ಲ. ತಡವಾಗಿರೋದಕ್ಕೆ ದಂಡ ಇರಬಹುದು. ಏಜೆಂಟ್ ಕೈಗೆ ದುಡ್ಡು ಕೊಡಬೇಡಿ. ನೀವೇ ಕಟ್ಟಿ, ರಸೀದಿ ಇಟ್ಕೊಳ್ಳಿ."

ಚಾಸಿ ಸಂಖ್ಯೆಗೆ ಪೆನ್ಸಿಲ್ ಅಚ್ಚು ಬೇಕಿತ್ತು. ಸಂಘಮಿತ್ರ ಬಾನೆಟ್ ಎತ್ತಿ, ಬಟ್ಟೆಯಲ್ಲಿ ಒರೆಸಿ, ಸಂಖ್ಯೆ ಕೊರೆದ ಜಾಗ ತೋರಿಸಿದರು. ಅದರ ಮೇಲೆ ತೆಳು ಕಾಗದ ಅಂಟಿಸಿ ಪೆನ್ಸಿಲಿನಿಂದ ಮೆಲ್ಲಗೆ ತೀಡಬೇಕು. ಗೋವಿಂದರಾಜು ತೀಡಿದರು. ಮೊದಲನೆಯದು ಹರಿಯಿತು. ಎರಡನೆಯದರಲ್ಲಿ ಅಂಕಿಗಳು ಒಂದೊಂದಾಗಿ ಮೇಲೆ ಬಂದವು. ಅರಿಶಿನದ ಕೆಳಗೆ ಹೋಗಿದ್ದ ಎರಡು ಅಂಕಿ 4 ಮತ್ತು 7.

"ಇಷ್ಟು ವರ್ಷ ಕೂತಿದ್ದೀನಿ ಇದರಲ್ಲಿ," ಎಂದರು. "ಬಾನೆಟ್ ಒಳಗೆ ನೋಡಿರಲಿಲ್ಲ."

ಮಾರ್ಚ್‌ನಲ್ಲಿ ಅವರು ರೈಲು ಹತ್ತಿ ನಾಗಪುರಕ್ಕೆ ಹೋದರು. ಹನ್ನೊಂದು ದಿನ ಲಾಡ್ಜಿನಲ್ಲಿದ್ದರು. ಮೊದಲು ವಾಸವಿದ್ದ ಮನೆಯ ಬೀದಿಗೆ ಒಂದು ಸಂಜೆ ಹೋದರು. ಬೇರೆಯವರ ಬಟ್ಟೆ ಒಣಗುತ್ತಿತ್ತು. ಲಾಡ್ಜಿಗೆ ವಾಪಸ್ ಬಂದರು. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೋಗಬೇಕಾಯಿತು. ಹಳೆಯ ಆರ್‌ಸಿ ಒಪ್ಪಿಸುವ ಮೊದಲು ಕಚೇರಿಯ ಎದುರಿನ ಅಂಗಡಿಯಲ್ಲಿ ಆ ಪುಟದ ಕಲರ್ ಜೆರಾಕ್ಸ್ ಮಾಡಿಸಿದರು. ಹೆಸರು ಬಂತು. ಅರಿಶಿನದ ಕಲೆಯೂ ಬಂತು. ಎನ್‌ಒಸಿ ಕೈಗೆ ಸಿಕ್ಕಿದ್ದು ಏಪ್ರಿಲ್ 24ರಂದು.

ವಿಮೆಯನ್ನು ಅವರ ಹೆಸರಿಗೆ ಮಾಡಿಸಿದ ಮೇಲೆ ಮೇ ತಿಂಗಳಲ್ಲಿ ಕಾರು ತಪಾಸಣೆಗೆ ಹೋಯಿತು. ಮೈಸೂರಿನ ರಸ್ತೆಯಲ್ಲಿ ಅದು ಮೊದಲ ಸಲ ಓಡಿದ್ದು ಅಂದು. ಓಡಿಸಿದ್ದು ಸಂಘಮಿತ್ರ. ಡ್ರೈವರ್ ಸೀಟಿನ ಮೇಲೆ ಒಂದು ದಪ್ಪ ದಿಂಬು ಇತ್ತು. ಚೂಡಾಮಣಿ ಕುಳ್ಳಗಿದ್ದರು.

"ಇದು ತೆಗೀಲಾ ಸರ್? ತಲೆ ಮೇಲೆ ತಾಗುತ್ತೆ."

"ನಾನೇ ತೆಗೀತೀನಿ," ಎಂದು ಗೋವಿಂದರಾಜು ದಿಂಬನ್ನು ಎತ್ತಿ ಹಿಂದಿನ ಸೀಟಿನ ಮೇಲಿಟ್ಟರು. ತಾವು ಎಡಗಡೆ ಕೂತರು. ಆರ್‌ಟಿಒ ಗೇಟಿನ ಹತ್ತಿರ, "ಗೇರ್ ಸ್ವಲ್ಪ ಮೆಲ್ಲಗೆ. ಅವಳು ಅಷ್ಟು ಜೋರಾಗಿ ಎಳೀತಿರಲಿಲ್ಲ," ಅಂದರು.

ತೆರಿಗೆ, ದಂಡ, ನವೀಕರಣದ ಶುಲ್ಕ ಎಲ್ಲವನ್ನೂ ಅವರೇ ಆನ್‌ಲೈನಿನಲ್ಲಿ ಕಟ್ಟಿದರು. ಜೂನ್ 12ರಂದು ಹೊಸ ಸಂಖ್ಯೆ ಬಂತು. ಅಷ್ಟರಲ್ಲಿ ಅವರ ಲೈಸೆನ್ಸೂ ಬಂದಿತ್ತು. ವಾರದಲ್ಲಿ ಆರ್‌ಸಿ ಕಾರ್ಡೂ ಅಂಚೆಯಲ್ಲಿ ಬಂತು. ಮಾಲೀಕರ ಹೆಸರಿನ ಜಾಗದಲ್ಲಿ ಗೋವಿಂದರಾಜು ಎಂದಿತ್ತು. ಅವರು ಅದನ್ನು ಸಂಘಮಿತ್ರಗೆ ತೋರಿಸಿದರು.

"ಹೋಯ್ತು," ಎಂದರು.

ಸಂಘಮಿತ್ರ ಕಾರ್ಡನ್ನು ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ನೋಡಿ ಸರ್. ಮಾಲೀಕರ ಕ್ರಮಸಂಖ್ಯೆ, ಮೂರು. ನೀವು ಮೂರನೆಯವರು ಅಂತ ಸರ್ಕಾರ ಬರೆದಿದೆ. ಮೂರು ಇದೆ ಅಂದ್ಮೇಲೆ ಎರಡು ಇದ್ದೇ ಇರುತ್ತಲ್ಲ. ಆ ಹೆಸರು ದಾಖಲೇಲಿ ಇದೆ."

ಗೋವಿಂದರಾಜು ಕನ್ನಡಕ ಸರಿಮಾಡಿಕೊಂಡು ಆ ಅಂಕಿಯನ್ನು ನೋಡಿದರು. ಆಮೇಲೆ ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ದೇವರ ಗೂಡಿನಲ್ಲಿ ಈಗ ಕಲರ್ ಜೆರಾಕ್ಸ್ ಇದೆ.

ಎದುರು ಮನೆಯ ವಿಶ್ವನಾಥ್ ಹೊಸ ಪ್ಲೇಟಿನ ಫೋಟೊ ತೆಗೆದುಕೊಂಡರು. ಅವರ ಷಡ್ಡಕ ತಮಿಳುನಾಡಿನ ಹೊಸೂರಿನಿಂದ ತಂದ ಜೀಪೊಂದು ಎರಡು ವರ್ಷದಿಂದ ತೋಟದಲ್ಲಿ ನಿಂತಿದೆಯಂತೆ. "ಆ ಫಾರಂ ನಂಬರ್ ಯಾವ್ದು ಅಂದ್ರಿ ಮೇಡಂ?" ಎಂದು ಕೇಳಿದರು.

ಓದುತ್ತಿರುವ ನಿಮ್ಮ ಮನೆಯ ಶೆಡ್ಡಿನಲ್ಲೂ ಬೇರೆ ರಾಜ್ಯದ ನಂಬರಿನ ಹಳೆಯ ಕಾರು, ಜೀಪು, ಸ್ಕೂಟರ್ ಇರಬಹುದು. ಇವತ್ತೇ ಆರ್‌ಸಿ ತೆಗೆದು ನೋಡಿ. ಯಾರ ಹೆಸರಿದೆ, ಅವಧಿ ಯಾವತ್ತು ಮುಗಿಯುತ್ತದೆ, ಚಾಸಿ ಸಂಖ್ಯೆ ಓದಲು ಬರುತ್ತದೆಯೇ ನೋಡಿ. ಹನ್ನೆರಡು ತಿಂಗಳು ದಾಟುವ ಮೊದಲೇ, ಗಾಡಿ ಮೊದಲಿದ್ದ ಊರಿನ ಎನ್‌ಒಸಿ ತರಿಸಿ. ತೆರಿಗೆ ಎಷ್ಟು, ಯಾವಾಗ ಎಂದು ಗಾಡಿ ಬಂದ ಕೂಡಲೇ ಆರ್‌ಟಿಒದಲ್ಲಿ ಕೇಳಿ. ಪಕ್ಕದ ಮನೆಯವರ ಮಾತು ಕೇಳಿ ಸುಮ್ಮನಾಗಬೇಡಿ. ಹಿಂದಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಏನಾದರೂ ವಾಪಸ್ ಬರುತ್ತದೆಯೇ ಎಂದೂ ಅಲ್ಲಿನ ಕಚೇರಿಯಲ್ಲಿ ವಿಚಾರಿಸಿ. ತಡವಾಗಿದ್ದರೆ ದಂಡ ಕಟ್ಟಬೇಕಾಗಬಹುದು. ಇನ್ನೂ ತಡಮಾಡಿದರೆ ಅದು ಕಡಿಮೆಯಾಗುವುದಿಲ್ಲ. ಮನೆಯವರು ತೀರಿಕೊಂಡು ಗಾಡಿ ಅವರ ಹೆಸರಿನಲ್ಲೇ ಉಳಿದಿದ್ದರೆ, ಆ ಹೆಸರಿಗೆ ನೋಟಿಸ್ ಬರುವ ತನಕ ಕಾಯಬೇಡಿ.

ಜೂನ್ 22, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಗೋವಿಂದರಾಜು ಬಲಗಡೆಯ ಸೀಟಿನಲ್ಲಿ ಕೂತು ಕಾರು ಸ್ಟಾರ್ಟ್ ಮಾಡಿದರು. ನಂಜನಗೂಡು ರಸ್ತೆಯಲ್ಲಿ ಕಡಕೊಳದವರೆಗೆ ಹೋದರು. ಅಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ ಕಾಫಿ ಕುಡಿದರು. ಲೋಟ ತೆಗೆದುಕೊಳ್ಳಲು ಬಂದವನು ಕಾರನ್ನು ನೋಡುತ್ತಾ, "ಯಾವೂರ್ ಗಾಡಿ ಸಾ?" ಎಂದು ಕೇಳಿದ.

"ಮೈಸೂರಿಂದು," ಎಂದರು.

ಎಡಗಡೆಯ ಸೀಟಿನ ಮೇಲೆ ದಿಂಬು ಇತ್ತು. ಒಂಬತ್ತು ಗಂಟೆಗೆ ಮೊದಲು ಕಾರು ವಾಪಸ್ ಮನೆಯಲ್ಲಿತ್ತು.