ನಿಝಾಮುದ್ದೀನನ ಫೋನಿನಲ್ಲಿ ಮಸೂದಾಳ ಶುಗರ್

ಮಸೂದಾಳಿಗೆ ಶುಗರ್ ಇದೆಯೆಂದು ಗೊತ್ತಾದ ವಾರವೇ ಮಗಳು ಇಸ್ರಾ ತಾಯಿಯ ಫೋನಿಗೊಂದು ಆ್ಯಪ್ ಹಾಕಿಕೊಟ್ಟಳು. ತಿಂದದ್ದು, ನಡೆದದ್ದು, ಬೆರಳು ಚುಚ್ಚಿ ನೋಡಿದ ಶುಗರ್, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಅವಳು ಬರೆದದ್ದು ತನಗೂ ಕಾಣುವಂತೆ ಗಂಡ ನಿಝಾಮುದ್ದೀನ್ ತನ್ನ ಫೋನಿಗೂ ಅದನ್ನೇ ಹಾಕಿಸಿಕೊಂಡ. ಭಟ್ಕಳದಿಂದ ಬಂದು ಸೌದಿಯ ಹುಫೂಫ್ ಊರಿನ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟವನು. ಬೆಳಿಗ್ಗೆ ಹೋದರೆ ರಾತ್ರಿಯ ಇಶಾ ನಮಾಝ್ ಮುಗಿಸಿಯೇ ಮನೆಗೆ ಬರುತ್ತಿದ್ದ. ಅಂಗಡಿಯಲ್ಲಿ ಕೂತೇ ಹೆಂಡತಿಯ ಶುಗರ್ ನೋಡಬಹುದಲ್ಲ ಎಂದು ಅವನಿಗೆ ಸಮಾಧಾನ.

ಮೊದಮೊದಲು ಮಸೂದಾಳಿಗೂ ಹಿತವಾಗಿತ್ತು. ಮದುವೆಯಾದಂದಿನಿಂದ ಮಧ್ಯಾಹ್ನ ಒಮ್ಮೆಯೂ ಫೋನ್ ಮಾಡದ ಗಂಡ ಈಗ ದಿನಾ ಮಾಡುತ್ತಿದ್ದ. ಬರಬರುತ್ತ ಮಾತಿನ ಧಾಟಿ ಬದಲಾಯಿತು. ಇಷ್ಟು ಯಾಕೆ ಏರಿತು, ಅನ್ನ ಎಷ್ಟು ಬಡಿಸಿಕೊಂಡೆ, ನಡೆಯಲಿಲ್ಲ ಯಾಕೆ. ಅವನಿಲ್ಲದೆ ಬೀದಿಗಿಳಿದು ನಡೆಯುವ ರೂಢಿ ಅವಳಿಗಿರಲಿಲ್ಲ. ಹಜಾರ, ಅಡುಗೆಮನೆ ಸುತ್ತಿ ಸುತ್ತಿ ಕಾಲು ನೋಯುತ್ತಿತ್ತು. ಪಕ್ಕದ ಮನೆಯ ಅಜ್ಜಿ ತಮ್ಮ ತೋಟದ ಖರ್ಜೂರ ತಂದು ಕೈಗಿಟ್ಟ ದಿನ ಒಂದೇ ಒಂದು ತಿಂದು, ಸುಳ್ಳು ಹೇಳದೆ ಬರೆದಳು. ಅದಕ್ಕೆ ಮಗಳೆದುರೇ ಗಂಡನಿಂದ ಬೈಸಿಕೊಂಡಳು.

ಅಂದಿನಿಂದ ಊಟ ಕಡಿಮೆ ಮಾಡುತ್ತ ಬಂದಳು. ಶುಗರ್ ಇಳಿಯಿತು. ನಿಝಾಮುದ್ದೀನ್ ಖುಷಿಯಾಗಿ ಅಂಗಡಿಗೆ ಬಂದವರಿಗೂ ಫೋನ್ ತೋರಿಸಿದನಂತೆ.

ಒಂದು ಮಂಗಳವಾರ ಶುಗರಿನ ಮಾತ್ರೆ ನುಂಗಿದವಳು ಮಧ್ಯಾಹ್ನ ಏನೂ ತಿನ್ನಲಿಲ್ಲ. ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಕೈ ನಡುಗಿ, ಮೈ ಬೆವೆತು, ಕಣ್ಣು ಮಂಜಾಯಿತು. ಸಕ್ಕರೆ ಡಬ್ಬಿ ಕೈಗೆಟಕುವಲ್ಲೇ ಇತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಅದನ್ನೂ ಬರೆಯಬೇಕು, ಬರೆದರೆ ಅವನ ಫೋನ್ ಬರುತ್ತದೆ. ಹಾಗೆ ಯೋಚಿಸುತ್ತಲೇ ನಿಂತಲ್ಲಿ ಕುಸಿದಳು.

ಟ್ಯೂಷನ್ ಮುಗಿಸಿ ಬಂದ ಇಸ್ರಾ ತಾಯಿಯನ್ನು ನೋಡಿ ಅಪ್ಪನಿಗೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಮಸೂದಾಳಿಗೆ ಎಚ್ಚರವಾಯಿತು. ಮಾತ್ರೆ ತೆಗೆದುಕೊಂಡು ಉಪವಾಸ ಇದ್ದದ್ದೇಕೆ ಎಂದು ಡಾಕ್ಟರು ಉರ್ದುವಿನಲ್ಲಿ ಕೇಳಿದರು. ಹಾಗಿರಲಿಕ್ಕಿಲ್ಲ, ಎಲ್ಲ ಸರಿಯಾಗಿಯೇ ಇತ್ತು ಎಂದು ನಿಝಾಮುದ್ದೀನ್ ಫೋನ್ ಮುಂದೆ ಹಿಡಿದ.

ಮಸೂದಾ ಅವನ ಕಡೆ ತಿರುಗಿದಳು. "ಶುಗರ್ ಕಡಿಮೆ ಇದ್ರೆ ನೀವು ಬೈಯುದಿಲ್ಲ. ಅದಕ್ಕೆ ತಿನ್ಲಿಲ್ಲ."

"ನಿನ್ನ ಒಳ್ಳೇದಕ್ಕೇ ಅಲ್ವಾ ನಾನು ಹೇಳಿದ್ದು?"

"ಗೊತ್ತುಂಟು. ಆದ್ರೆ ಈ ಕಾಯಿಲೆಗಿಂತ ನಿಮ್ಮ ಫೋನಿಗೇ ನನಗೆ ಹೆದರಿಕೆ."

ಡಾಕ್ಟರು ಮಾತ್ರೆ ಕಡಿಮೆ ಮಾಡಿ, ಹೊತ್ತುಹೊತ್ತಿಗೆ ಉಣ್ಣಲೇಬೇಕೆಂದು ಇಬ್ಬರಿಗೂ ಹೇಳಿ ಕಳಿಸಿದರು. ಕಾರು ಹತ್ತುವ ಮೊದಲು ನಿಝಾಮುದ್ದೀನ್ ತನ್ನ ಫೋನನ್ನು ಇಸ್ರಾಳ ಕೈಗಿತ್ತು, ಆ ಆ್ಯಪ್ ತೆಗೆದುಬಿಡು ಎಂದ. ದಾರಿಯಲ್ಲಿ ಹೆಂಡತಿಯನ್ನು ಕೇಳಿದ: "ಎಂತ ತಿಂತಿ?"

ಏನು ಬೇಕೆಂದು ಮಸೂದಾಳಿಗೇ ತಿಳಿಯಲಿಲ್ಲ. ಕೊನೆಗೆ ಅವನೇ ಅನ್ನ, ಮೀನು ಕಟ್ಟಿಸಿಕೊಂಡು ಬಂದ.

ಮನೆಯಲ್ಲಿ ಮೂವರೂ ಒಟ್ಟಿಗೆ ಕೂತರು. ಅವಳ ತಟ್ಟೆಯ ಕಡೆ ನೋಡಬಾರದೆಂದು ನಿಝಾಮುದ್ದೀನ್ ತಲೆ ತಗ್ಗಿಸಿಯೇ ಉಂಡ. ಆದರೂ ಮೊದಲ ತುತ್ತು ಬಾಯಿಗಿಡುವಾಗ ಮಸೂದಾ ಅವನ ಫೋನ್ ಎಲ್ಲಿದೆಯೆಂದು ಒಮ್ಮೆ ನೋಡಿಕೊಂಡಳು.